ಗುಡ್ಡ ಹತ್ತುವ ತನಕ ಚಹಾ ಬಿಟ್ಟ ಗಂಗಕ್ಕ

ಗಂಗಕ್ಕನ ಮನೆಯಲ್ಲಿ ಚಹಾದ ಪಾತ್ರೆ ಒಲೆಯಿಂದ ಇಳಿದದ್ದನ್ನು ನಾನು ಕಂಡವಳೇ ಅಲ್ಲ. ಧಾರವಾಡದ ಕಡೆಯವರು, ಈಗ ಇಲ್ಲಿ ಲೋವರ್ ಹಟ್ ಊರಿನ ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಪಕ್ಕದ ಮನೆಯವರು. ದಿನಕ್ಕೆ ಎಂಟು ಕಪ್ಪಿಗೆ ಕಡಿಮೆ ಕುಡಿದವರಲ್ಲ. ಅಂಥವರು ಒಂದು ದಿನ ನನಗೆ ಮಾತ್ರ ಚಹಾ ಕೊಟ್ಟು, ತಮ್ಮ ಕಪ್ಪನ್ನು ಕಪಾಟಿನಲ್ಲಿ ಬೋರಲು ಹಾಕಿದರು.

"ನಾ ಚಾ ಬಿಟ್ಟೀನಿ. ಗುಡ್ಡ ಹತ್ತೂ ತನಕ," ಎಂದರು, ದೇವರಿಗೆ ಹರಕೆ ಹೊತ್ತವರ ಗಾಂಭೀರ್ಯದಲ್ಲಿ.

ಎಲ್ಲಕ್ಕೂ ಕಾರಣ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಫ್ರಾನ್ಸಿನ ನಕಾಶೆ. ವಾರ್ಡಿನಲ್ಲಿ ಅವರು ಆರೈಕೆ ಮಾಡಿದ ಮುದುಕರೊಬ್ಬರು, ತಾವು ಪ್ರಾಯದಲ್ಲಿ ಸೈಕಲ್ ತುಳಿದ ದಾರಿಗೆ ಗೆರೆ ಎಳೆದು ಕೊಟ್ಟದ್ದು, ಉತ್ತರದ ಕಡಲಿನಿಂದ ದಕ್ಷಿಣದ ಕಡಲಿನವರೆಗೆ. ಐವತ್ತೇಳರ ಗಂಗಕ್ಕನಿಗೆ ಅದರ ಹುಚ್ಚು ಹಿಡಿಯಿತು. ರೊಟ್ಟಿ ಬಡಿಯುತ್ತಲೇ ಆ ಊರುಗಳ ಹೆಸರು ಓದುತ್ತಿದ್ದರು, ಧಾರವಾಡದ ಪಕ್ಕದಲ್ಲೇ ಇವೆಯೇನೋ ಎಂಬಂತೆ. ಜುಲೈಗೆ ಆರು ವಾರದ ರಜೆ ಸಿಕ್ಕಿತ್ತು. ಭೂಮಿಯ ದಕ್ಷಿಣದ ತುದಿಯಲ್ಲಿರುವ ನಮಗಾಗ ಮೂಳೆ ಕೊರೆಯುವ ಚಳಿ, ಅಲ್ಲಿ ಬೇಸಿಗೆ. ಟಿಕೆಟ್ ಮಾತ್ರ ತೆಗೆದಿರಲಿಲ್ಲ. ತಮಗೆ ತಾವೇ ಪಣ ಹಾಕಿಕೊಂಡಿದ್ದರು: ಸೈಕಲ್ಲಿಗೆ ಸಾಮಾನು ಹೇರಿಕೊಂಡು ನಮ್ಮೂರಾಚೆಯ ರಿಮುಟಾಕ ಗುಡ್ಡವನ್ನು ಕಾಲು ನೆಲಕ್ಕೆ ತಾಗಿಸದೆ ಹತ್ತಬೇಕು, ಅದೂ ಮೇ ಮುಗಿಯುವುದರೊಳಗೆ. ಹತ್ತಿದರೆ ಫ್ರಾನ್ಸ್, ಇಲ್ಲದಿದ್ದರೆ ಇಲ್ಲ.

ಸೈಕಲ್ಲಿನ ಎರಡು ಚೀಲಗಳಲ್ಲಿ ಐದೈದು ಕಿಲೋ ಅಕ್ಕಿ ತುಂಬಿಕೊಳ್ಳುತ್ತಿದ್ದರು. ಭಾರ ಬೇಕಿದ್ದರೆ ಕಲ್ಲು ಸಾಲದೇ ಎಂದು ನಾನು ಛೇಡಿಸಿದೆ.

"ಕಲ್ಲು ಮನಿಗೆ ತಂದು ಏನ್ ಮಾಡ್ಲಿ? ಅಕ್ಕಿ ಆದ್ರ ಅನ್ನಕ್ಕ ಇಡಬಹುದು."

ಮೊದಲ ಸಲ ಗಾಳಿ ಪಕ್ಕಕ್ಕೆ ತಳ್ಳಿ ಕಾಲೂರಿಸಿತು. ಎರಡನೆಯ ಸಲ ತುದಿಗೆ ಇನ್ನೊಂದೇ ತಿರುವು ಉಳಿದಿತ್ತಂತೆ. ಯೂಟ್ ಎಂಬ ಸಣ್ಣ ಸರಕುಗಾಡಿಯಲ್ಲಿ ಬಂದ ರೈತನೊಬ್ಬ ಗಾಜು ಇಳಿಸಿ, ಸಹಾಯ ಬೇಕೇ ಎಂದು ಕೇಳಿದ. ಗಂಗಕ್ಕ ಇಳಿದು, ನಿಂತು, ಬೇಡವೆಂದು ಹೇಳಿ, ಅವನ ಮನೆಯವರ ಕ್ಷೇಮವನ್ನೂ ವಿಚಾರಿಸಿದರು. ಅವನು ಹೋದ ಮೇಲೆ ನೋಡಿಕೊಂಡರೆ ಎರಡೂ ಕಾಲು ನೆಲದ ಮೇಲೆ.

"ಯಾರು ನೋಡಿದ್ರು ಅಕ್ಕಾ? ಹತ್ತಿದೆ ಅಂದ್ಕೊಂಡು ಚಹಾ ಕುಡೀರಿ," ಅಂದೆ.

"ನಾ ನೋಡೀನಲ್ಲ," ಎಂದರು. ಚೀಲದ ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತಾ, "ಮಂದಿ ಮಾತಾಡಿಸಿದಾಗ ನಿಲ್ಲದ ಹ್ಯಾಂಗ ಹೋಗೂದು ತಂಗಿ? ನಮ್ಮವ್ವ ಅದನ್ನ ಕಲಿಸಿಲ್ಲ," ಎಂದು ಮುಖ ಸಣ್ಣದು ಮಾಡಿಕೊಂಡರು.

ಮೇ ತಿಂಗಳ ಕೊನೆಯ ಭಾನುವಾರ ಉಳಿದ ಒಂದೇ ಅವಕಾಶ. ನಾನು ಕಾರಿನಲ್ಲಿ ಮೊದಲೇ ಹೋಗಿ, ಶುಂಠಿ ಜಜ್ಜಿ ಹಾಕಿದ ಚಹಾದ ಫ್ಲಾಸ್ಕ್ ಹಿಡಿದು ಗುಡ್ಡದ ತುದಿಯಲ್ಲಿ ನಿಂತೆ. ಕೆಳಗಿನ ತಿರುವಿನಲ್ಲಿ ಹಳದಿ ಜಾಕೆಟ್ ಕಂಡಿತು, ನಡೆಯುವವರಿಗಿಂತಲೂ ನಿಧಾನ. ಅಷ್ಟರಲ್ಲಿ ಹಿಂದಿನಿಂದ ಬಂದ ಕಾರೊಂದು ನಿಧಾನಿಸಿತು. ಹೆಂಗಸೊಬ್ಬಳು ತಲೆ ಹೊರಹಾಕಿ ಏನೋ ಕೇಳಿದಳು. ಗಂಗಕ್ಕ ಕತ್ತೆತ್ತಲಿಲ್ಲ. ಒಂದು ಕೈ ಎತ್ತಿ ಆಡಿಸಿ, ತುಳಿಯುತ್ತಲೇ ಇದ್ದರು. ನನ್ನನ್ನೂ ದಾಟಿ, ನೆತ್ತಿಯ ಫಲಕವನ್ನೂ ದಾಟಿ, ಆಮೇಲೆ ಇಳಿದರು.

ಮೂರು ಕಪ್ಪು ಒಂದರ ಮೇಲೊಂದು ಕುಡಿದರು. "ಸಕ್ಕರಿ ಕಡಿಮಿ ಆಗೈತಿ," ಎಂದರು, ಅಳುತ್ತಾ. ಗುಡ್ಡ ನಾನೇ ಹತ್ತಿದಷ್ಟು ಹೆಮ್ಮೆಯಾಗಿ ನಾನೂ ಅತ್ತೆ. ಅಂದು ಸಂಜೆಯೇ ಟಿಕೆಟ್ ತೆಗೆದರು.

ಜುಲೈನಲ್ಲಿ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಸೈಕಲ್ ಪೆಟ್ಟಿಗೆಯಲ್ಲಿ, ಚೀಲದಲ್ಲಿ ಕಡಕ್ ರೊಟ್ಟಿ ಮತ್ತು ಚಹಾಪುಡಿ, ಕೋಟಿನ ಜೇಬಿನಲ್ಲಿ ನಕಾಶೆ. ಅದೇ ತಿಂಗಳು ನಾವು ಒಂದು ದಿನದ ದಾರಿಯಷ್ಟು ದೂರದ ನ್ಯೂ ಲಿನ್‌ಗೆ ಮನೆ ಬದಲಿಸಿದೆವು. ಆಮೇಲೆ ಗಂಗಕ್ಕ ಸಿಕ್ಕಿದ್ದೆಲ್ಲ ಫೋನಿನಲ್ಲೇ. ಹಾಗಾಗಿ ನನ್ನ ಕಣ್ಣಿಗೆ ಕಟ್ಟಿರುವುದು ವಿಮಾನ ನಿಲ್ದಾಣದ ಆ ದಿನ. ಅವರು ಒಳಗೆ ಹೊರಟಾಗ ತಡೆಯಲಾರದೆ "ಗಂಗಕ್ಕಾ" ಎಂದು ಕೂಗಿದೆ.

ಅವರು ನಿಲ್ಲಲಿಲ್ಲ, ತಿರುಗಿ ನೋಡಲೂ ಇಲ್ಲ. ಒಂದು ಕೈ ಎತ್ತಿ ಆಡಿಸುತ್ತಾ ಹಾಗೇ ನಡೆದುಹೋದರು.