ರೂತಳ ಎಡಗಾಲಿಗೆ ನಾನು ಹಚ್ಚಿದ ಐಬು

ರೂತಳ ಎಡಗಾಲು ಸಾಲದು ಎಂದು ಸ್ಪೇನಿನ ಫುಟ್‌ಬಾಲ್ ಕ್ಲಬ್ಬಿನವರು ಹೇಳಿರಲಿಲ್ಲ. ಹೇಳಿದವನು ನಾನು. ಅವರು ಅವಳನ್ನು ಬೇಕು ಎಂದಿದ್ದರು — ಕೂಡಲೇ ಬೇಕು, ಬಂದ ದಿನದಿಂದ ಗೋಲು ಹೊಡೆಯುವ ಸ್ಟ್ರೈಕರ್ ಆಗಿಯೇ ಆಡಿಸುತ್ತೇವೆ ಎಂದಿದ್ದರು. ಆ ಮಾತು ನನ್ನ ಕಿವಿಗೆ ಬಿತ್ತು, ಅವಳ ಕಿವಿಗೆ ಬೀಳಲಿಲ್ಲ. ನಡುವೆ ನಾನು ನಿಂತಿದ್ದೆ.

ಇದನ್ನು ಬರೆಯಲು ಹೇಳಿದವರು ಬೀದರಿನ ಚರ್ಚ್ ಕಾಂಪೌಂಡಿನ ಹಿರಿಯರು. ವಿದೇಶದಲ್ಲಿ ಫುಟ್‌ಬಾಲ್ ಆಡಿ ಬಂದ ಹುಡುಗಿಗೆ ಸನ್ಮಾನ ಮಾಡಿದರು. ಅದರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅವಳನ್ನು ಮೊದಲು ಗುರುತಿಸಿದವರು ನೀವು, ನಾಲ್ಕು ಮಾತು ಬರೆಯಿರಿ ಎಂದರು. ಸನ್ಮಾನದ ದಿನ ನನಗೂ ಒಂದು ಶಾಲು ಹೊದಿಸಿದ್ದರು. ಯಾಕೆ ಹೊದಿಸಿದರು ಎಂಬುದನ್ನು ಮುಂದೆ ಹೇಳುತ್ತೇನೆ. ಆ ಶಾಲು ಇನ್ನೂ ಗಾಡಿಯ ಹಿಂದಿನ ಸೀಟಿನಲ್ಲೇ ಬಿದ್ದಿದೆ — ಮನೆಯೊಳಗೆ ತರಲು ಕೈ ಬಂದಿಲ್ಲ.

ನಾನು ಮಾಣಿಕಪ್ಪ. ಔರಾದ ತಾಲ್ಲೂಕಿನ ಡಾಬಕಾದ ಕುರಿ ಸಾಕುವವರ ಮನೆಯವನು. ಭಾಲ್ಕಿಯ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿ ನನ್ನ ಕಾಲ ಮೇಲೆ ನಿಂತವನು. ಓದಿದ್ದು ಕಡಿಮೆ, ಮಾತು ಜಾಸ್ತಿ. ಯಾರು ಕೇಳಲಿ ಬಿಡಲಿ, ಸಲಹೆ ಕೊಡುವ ಚಟ ಬೇರೆ.

ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೂಡಿಸುತ್ತಾರೆ, ಮೇಲೊಂದು ಟವೆಲ್ ಹೊದಿಸುತ್ತಾರೆ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಬೆಲೆ ಹಿಡಿಸದಿದ್ದರೆ ಮಾರುವವನು ಕೈ ಎಳೆದುಕೊಂಡು, ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಚಹಾ ಅಂಗಡಿಗೆ ಹೋಗಬೇಕು. ಕುರಿ ನಿಜವಾಗಿ ಬೇಕಿದ್ದವನು ಹಿಂದೆಯೇ ಬರುತ್ತಾನೆ. ಹೊಸಬರಿಗೆ ನಾನು ಇಂದಿಗೂ ಇದನ್ನೇ ಹೇಳಿಕೊಡುತ್ತೇನೆ: ಮೊದಲ ಬೆಲೆಗೆ ಹೂಂ ಅನ್ನಬೇಡಿ, ಎದ್ದು ಹೋಗಲು ಕಲಿಯಿರಿ. ಕುರಿಯ ಮಟ್ಟಿಗೆ ಇದು ಒಳ್ಳೆಯ ಸಲಹೆ. ಮನುಷ್ಯರ ಮಟ್ಟಿಗೆ —

ಇರಲಿ. ಮೊದಲು ರೂತಳ ವಿಷಯ ಹೇಳಬೇಕು.

ಒಂದು ಕ್ರಿಸ್‌ಮಸ್ಸಿಗೆ ಕಾಂಪೌಂಡಿನವರಿಗೆ ಕುರಿ ಇಳಿಸಲು ಹೋಗಿದ್ದೆ. ಮೈದಾನದಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು, ಅವರ ನಡುವೆ ಒಬ್ಬಳೇ ಹುಡುಗಿ. ಮಿಷನ್ ಆಸ್ಪತ್ರೆಯ ನರ್ಸ್ ಸುಶೀಲಮ್ಮನವರ ಮಗಳು ಎಂದರು. ಫುಟ್‌ಬಾಲ್ ನನಗೆ ಗೊತ್ತಿರಲಿಲ್ಲ, ಕಾಲು ಗೊತ್ತಿತ್ತು. ಇಬ್ಬರು ಹುಡುಗರು ಅಡ್ಡ ಬಂದರು — ಅವಳು ನಿಂತಳು, ಅವರೂ ನಿಂತರು, ಮರುಗಳಿಗೆ ಅವಳು ಅಲ್ಲಿರಲಿಲ್ಲ. ಚೆಂಡು ಗೋಲಿನಲ್ಲಿತ್ತು. ಕೈಯಲ್ಲಿದ್ದ ಹಗ್ಗ ಬಿಟ್ಟೆ, ಕುರಿಗಳು ಹೋಗಿ ಪಾದ್ರಿಯವರ ಹೂಗಿಡ ತಿಂದವು. ಅವತ್ತು ಬೈಸಿಕೊಂಡಿದ್ದೂ ಸಿಹಿಯಾಗಿಯೇ ಇತ್ತು.

ಅಂದಿನಿಂದ ನನ್ನ ಗಾಡಿಯೇ ಅವಳ ಗಾಡಿಯಾಯಿತು. ಎಲ್ಲೆಲ್ಲಿ ಟೂರ್ನಮೆಂಟೋ ಅಲ್ಲೆಲ್ಲ ಕರೆದೊಯ್ದೆ. ಕುರಿಯ ವಾಸನೆಗೆ ಸುಶೀಲಮ್ಮ ಮೂಗಿಗೆ ಸೆರಗು ಹಿಡಿದು ಕೂರುತ್ತಿದ್ದರು, ರೂತ್ ಕಿಟಕಿಯಿಂದ ತಲೆ ಹೊರಹಾಕಿ ಹಾಡುತ್ತಿದ್ದಳು. ನನ್ನನ್ನು ಮಾಮಾ ಎಂದು ಕರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಕರೆದಳು.

ದೇಶದ ಟೀಮಿನ ಕ್ಯಾಂಪಿಗೆ ಅವಳು ಹೋದಾಗ ಗೋವಾದ ಏಜೆಂಟನೊಬ್ಬ ಅವಳ ಆಟ ನೋಡಿದ, ವೀಡಿಯೊವನ್ನು ಸ್ಪೇನಿನ ಒಂದು ಕ್ಲಬ್ಬಿಗೆ ಕಳಿಸಿದ. ಕ್ಯಾಂಪಿನಲ್ಲಿ ಸಂಜೆ ಬಿಟ್ಟರೆ ಫೋನು ಕೈಗೆ ಕೊಡುತ್ತಿರಲಿಲ್ಲ. ಅದಕ್ಕೇ ರೂತ್ ಅವನಿಗೆ ನನ್ನ ನಂಬರ್ ಕೊಟ್ಟಿದ್ದಳು. "ನೀವೇ ಮಾತಾಡ್ರಿ ಮಾಮಾ, ನಂಗ ಪಗಾರದ ಮಾತು ಬರಲ್ಲ" ಎಂದಿದ್ದಳು.

ಫೋನು ಬಂದಾಗ ನಾನು ಸಂತೆಯಲ್ಲಿದ್ದೆ. ಏಜೆಂಟ ಹಿಂದಿಯಲ್ಲಿ ಹೇಳಿದ: ಅವರಿಗೆ ಹುಡುಗಿ ಇಷ್ಟವಾಗಿದ್ದಾಳೆ, ಪಗಾರ ಇಷ್ಟು, ಶನಿವಾರದೊಳಗೆ ಹೌದು ಎನ್ನಬೇಕು, ಯಾಕೆಂದರೆ ಅವರ ಕಣ್ಣಲ್ಲಿ ಇನ್ನೊಬ್ಬಳು ಬ್ರೆಜಿಲ್ ಹುಡುಗಿ ಇದ್ದಾಳೆ. ನನಗೆ ನಗು ಬಂತು. ಇನ್ನೊಬ್ಬ ಗಿರಾಕಿ ಇದ್ದಾನೆ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳುವವನು ನಾನು — ನನಗೇ ಹೇಳುತ್ತಾನಲ್ಲ. ಎಷ್ಟು ಹುರುಪು ಬಂತೆಂದರೆ ಅಲ್ಲಿದ್ದವರಿಗೆಲ್ಲ ಚಹಾ ಹೇಳಿದೆ. ಭಾಲ್ಕಿಯ ಮಾಣಿಕಪ್ಪ ಸ್ಪೇನಿನವರ ಜೊತೆ ಟವೆಲ್ ಹಾಕಿದ್ದಾನೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಅವನಿಗೆ ಹೇಳಿ ಫೋನು ಆಫ್ ಮಾಡಿ ಕಮಲನಗರದ ಸಂತೆಗೆ ಹೊರಟುಹೋದೆ. ಕೈ ಎಳೆದುಕೊಂಡಿದ್ದೆ. ಇನ್ನು ಅವರು ಹಿಂದೆ ಬರಬೇಕು.

ಅವರು ಬರಲಿಲ್ಲ. ಶನಿವಾರ ಕಳೆದ ಮೇಲೆ ಫೋನು ಆನ್ ಮಾಡಿದೆ, ನಾನೇ ಏಜೆಂಟನಿಗೆ ಫೋನು ಹಚ್ಚಿದೆ. ಬ್ರೆಜಿಲ್ ಹುಡುಗಿ ನಿಜಕ್ಕೂ ಇದ್ದಳು. ಆಕೆಯನ್ನು ತೆಗೆದುಕೊಂಡಿದ್ದರು. ಅವರ ದೇಶದಲ್ಲಿ ಎದ್ದು ಹೋದವನು ಎಂದರೆ ಹೋದವನೇ — ಬೆನ್ನು ಹತ್ತಿ ಬರುವ ಪದ್ಧತಿ ಅಲ್ಲಿಲ್ಲ. ಏಜೆಂಟ ಇನ್ನು ಮುಂದೆ ತನಗೆ ಫೋನು ಮಾಡಬೇಡ ಎಂದು ಇಟ್ಟುಬಿಟ್ಟ.

ಇಲ್ಲಿಯವರೆಗೆ ನಾನು ಮಾಡಿದ್ದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ಇದರ ಮುಂದಿನದು —

ಅವತ್ತು ಸಂಜೆ ಅವಳ ಫೋನು ಬಂತು.

"ಮಾಮಾ, ಏನರ ಅಂದ್ರೇನ್ರಿ ಸ್ಪೇನದವರು?"

"ಬ್ಯಾಡ ಅಂದ್ರವ್ವಾ."

ಅವಳ ಹಿಂದೆ ಹುಡುಗಿಯರು ನಗುವುದು ಕೇಳುತ್ತಿತ್ತು.

"ಯಾಕಂತ್ರಿ?"

ಸಂತೆಯಲ್ಲಿ ಬೆಲೆ ಇಳಿಸಬೇಕಾದಾಗ ನಾವು ಮೊದಲು ಹುಡುಕುವುದು ಕಾಲಿನ ಐಬು. ಇಲ್ಲದಿದ್ದರೂ ಹಚ್ಚುತ್ತೇವೆ. ನನ್ನ ನಾಲಿಗೆ ತಾನಾಗಿ ಅಲ್ಲಿಗೇ ಹೋಯಿತು.

"ಎಡಗಾಲು ಕಚ್ಚಾ ಅದಂತ."

ಅವಳು ಜಗಳ ತೆಗೆದಿದ್ದರೆ, ಸುಳ್ಳು ಎಂದಿದ್ದರೆ, ಬಹುಶಃ ನಾನು ಅಲ್ಲೇ ಬಾಯಿಬಿಡುತ್ತಿದ್ದೆ. ಅವಳು "ಹೌದ್ರಿ ಮಾಮಾ. ನಂಗೂ ಹಂಗೇ ಅನಸ್ತಿತ್ತು" ಎಂದಳು.

ನನ್ನ ಹೆಸರು ಉಳಿಯಿತು. ಅದಕ್ಕಾಗಿಯೇ ಹೇಳಿದ್ದು, ಬೇರೆ ಯಾವ ಕಾರಣವೂ ಇರಲಿಲ್ಲ. ಮಾಣಿಕಪ್ಪ ವ್ಯವಹಾರದಲ್ಲಿ ಸೋತ ಎಂಬುದು ಅವಳಿಗೂ ತಿಳಿಯಬಾರದಿತ್ತು.

ಕ್ಯಾಂಪಿನಿಂದ ಬಂದವಳೇ ಕಾಂಪೌಂಡಿನ ಗೋಡೆಗೆ ಎಡಗಾಲಿನಿಂದ ಚೆಂಡು ಹೊಡೆಯತೊಡಗಿದಳು. ಬೆಳಿಗ್ಗೆ, ಸಂಜೆ, ಹಬ್ಬದ ದಿನ ಕೂಡ. ನಾನು ಹೋದಾಗಲೆಲ್ಲ ಆ ಸದ್ದು. ಸುಶೀಲಮ್ಮ ನಕ್ಕು ಹೇಳಿದ್ದರು, "ಗೋಡಿಗಿ ಪ್ಲಾಸ್ಟರ್ ಉಳಿಲಿಲ್ಲ ನೋಡ್ರಿ ಮಾಣಿಕಪ್ಪಾ, ನಿಮ್ಮ ಸ್ಪೇನದವರಿಗಿ ಬಿಲ್ ಕಳಸ್ರಿ." ನಾನೂ ನಕ್ಕಿದ್ದೆ.

ಆಮೇಲೆ ಅವಳ ಕೋಚಿನ ಮೂಲಕ ಸೈಪ್ರಸ್ಸಿನ ಒಂದು ಸಣ್ಣ ಕ್ಲಬ್ಬಿನವರು ಕೇಳಿದರು. ಪಗಾರ ಕಡಿಮೆ, ಹೆಸರೂ ಕಡಿಮೆ. ಅವರು ಹೇಳಿ ಮುಗಿಸುವ ಮೊದಲೇ ನಾನು ಹೂಂ ಅಂದೆ. ರೂತ್ ಕಣ್ಣರಳಿಸಿ, "ಏನ್ ಮಾಮಾ, ಭಾವ ಮಾಡೋದು ಮರತ್ರೇನ್ರಿ?" ಎಂದು, ಚೌಕಾಸಿ ಮಾಡದ ನನ್ನನ್ನು ಚೇಷ್ಟೆ ಮಾಡಿದಳು. ಒಳ್ಳೆಯ ಪಾರ್ಟಿ ಎಂದು ಸಾಗಹಾಕಿದೆ.

ಅಲ್ಲಿ ಅವಳು ಆಡಿದ್ದನ್ನು ನೀವು ನೋಡಬೇಕಿತ್ತು. ಭಾಲ್ಕಿ ಸಂತೆಯ ಚಹಾ ಅಂಗಡಿಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಆನಿಸಿಟ್ಟು, ಮೂವತ್ತು ತಲೆ ಒಂದೇ ಕಡೆ ಬಾಗಿಸಿ ನಾವು ನೋಡಿದೆವು. ಕಪ್ ಫೈನಲ್. ಪಂದ್ಯ ಸಮ, ವೇಳೆ ಮುಗಿಯುತ್ತ ಬಂದಿತ್ತು. ಬಲಗಡೆಯಿಂದ ಉದ್ದನೆಯ ಪಾಸು ಬಂತು. ರೂತ್ ಇಬ್ಬರು ಡಿಫೆಂಡರುಗಳ ನಡುವೆ ತೂರಿದಳು, ಎದೆಯಿಂದ ಇಳಿಸಿದಳು, ಚೆಂಡು ಬಲಗಾಲಿನ ಮುಂದೆ ಬಂತು — ಹೊಡಿ ಎಂದು ಎಲ್ಲರೂ ಕೂಗಿದರು — ಅವಳು ಹೊಡೆಯಲಿಲ್ಲ, ಎಡಕ್ಕೆ ಎಳೆದುಕೊಂಡಳು, ಡಿಫೆಂಡರ್ ಬಿದ್ದಳು, ಎಡಗಾಲು ಬೀಸಿತು. ಬಲೆ ಹಾರಿತು. ಅಂಗಡಿಯ ಬೆಂಚು ಮುರಿಯಿತು. ಅಪರಿಚಿತರು ಅಪ್ಪಿಕೊಂಡರು. ರೂತ್ ಕ್ಯಾಮೆರಾದ ಮುಂದೆ ಬಂದು ತನ್ನ ಎಡಗಾಲನ್ನು ತಟ್ಟಿ ತೋರಿಸಿದಳು. ಅದು ನನಗೆ. ನನಗೊಬ್ಬನಿಗೇ.

"ಏ ಮಾಣಿಕ್ಯಾ, ಕುಣಿಯೋ. ಕುರಿ ಸತ್ತವರಂಗ ಯಾಕ ಕುಂತಿ?" ಎಂದು ಗೆಳೆಯರು ಎಳೆದರು. ಕುಣಿದೆ. ಕುಣಿಯದಿದ್ದರೆ ಕೇಳುತ್ತಿದ್ದರಲ್ಲ.

ಆಟ ಮುಗಿಸಿ ರೂತ್ ಈ ವರ್ಷ ಊರಿಗೆ ಬಂದಳು. ಸನ್ಮಾನದಲ್ಲಿ ಮೈಕು ಹಿಡಿದು ಆ ಕಥೆ ಹೇಳಿದಳು: ಸ್ಪೇನಿನವರು ನನ್ನ ಎಡಗಾಲು ಸಾಲದೆಂದು ಬೇಡ ಎಂದರು, ಮಾಮಾ ಮುಚ್ಚಿಡದೆ ನನಗೆ ಸತ್ಯ ಹೇಳಿದರು, ಆ ಸತ್ಯವೇ ನನ್ನನ್ನು ಆಟಗಾರ್ತಿ ಮಾಡಿತು. ಸತ್ಯ ಹೇಳಿದವನು ಎಂದು ನನಗೆ ಶಾಲು ಹೊದಿಸಿದರು.

ಆಗಲೂ ನಾನು ಸುಮ್ಮನಿದ್ದೆ. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಲೆಕ್ಕ ಹಾಕಿಕೊಂಡೆ. ಆ ಲೆಕ್ಕ ಮುರಿದದ್ದು ಔರಾದಿನ ಅಂಬಿಕಾಳಿಂದ.

ಅಂಬಿಕಾ ಸೈಕಲ್ ರಿಪೇರಿ ಮಾಡುವವರ ಮಗಳು, ರೂತ್ ಈಗ ಬೀದರಿನಲ್ಲಿ ಕಲಿಸುವ ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕು. ಅವಳನ್ನೂ ಸ್ಟ್ರೈಕರ್ ಆಗಿ ಪೋರ್ಚುಗಲ್ಲಿನ ಒಂದು ಕ್ಲಬ್ ಕರೆದಿತ್ತು. ಉತ್ತರ ಹೇಳಬೇಕಾದ ದಿನ ರೂತ್ ನನ್ನ ಗಾಡಿ ಹತ್ತಿ, ಔರಾದಿಗೆ ಹೋಗೋಣ ಎಂದಳು.

"ಅವರ ಅಪ್ಪಗ ಬ್ಯಾಡ ಅಂತ ಹೇಳಿ ಬರ್ತೇನಿ ಮಾಮಾ. ಅಕಿ ಎಡಗಾಲು ಇನ್ನಾ ಕಚ್ಚಾ ಅದ. ಕರಸ್ಕೊಂಡು ಆಮ್ಯಾಗ ಬ್ಯಾಡ ಅಂತಾರ. ನಂಗಾದ ಅಪಮಾನ ಅಕಿಗ್ಯಾಕ? ಎರಡು ವರ್ಷ ಗೋಡಿಗಿ ಹೊಡೀಲಿ, ಆಮ್ಯಾಗ ನೋಡಮು."

ನಾನು ಹಚ್ಚಿದ ಐಬು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತಿತ್ತು, ಅದೂ ನನ್ನದೇ ಗಾಡಿಯಲ್ಲಿ. ರಸ್ತೆಯ ಬದಿಯಲ್ಲಿ, ತೊಗರಿ ಹೊಲದ ಪಕ್ಕ ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದೆ. ಹೇಳಿದೆ — ಟವೆಲ್, ಕಮಲನಗರ, ಬ್ರೆಜಿಲ್ ಹುಡುಗಿ, ಎಲ್ಲ. ಹೇಳುತ್ತ ಹೇಳುತ್ತ ಮಾತು ವೇಗವಾಯಿತು, ನಿಲ್ಲಿಸಿದರೆ ಮತ್ತೆ ಧೈರ್ಯ ಬರಲಾರದು ಎನಿಸಿ ಒಂದೇ ಉಸಿರಿಗೆ ಸುರಿದುಬಿಟ್ಟೆ.

ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾರ ನನ್ನ ಎಡಗಾಲಿಗಿ ಏನಾಗಿತ್ರಿ?"

"ಏನೂ ಐಬು ಇರಲಿಲ್ಲವ್ವಾ."

ಗಾಡಿಯಿಂದ ಇಳಿದು ಹೊಲದ ಕಡೆ ಮುಖ ಮಾಡಿ ನಿಂತಳು. ತಿರುಗಿ ಬಂದಾಗ ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಎಡಗಾಲು ಕಚ್ಚಾ ಅಲ್ಲ ಅಂತ ತೋರಸ್ಲಿಕ್ಕ ಇಷ್ಟು ವರ್ಷ ಬಲಗಾಲಿಗಿ ಬಂದ ಬಾಲ್ ನಾ ಎಡಗಾಲಿಗಿ ಹಾಕ್ಕೊಂಡು ಹೊಡದೀನಿ. ಹಾಕ್ಕೊಳ್ಳೋದ್ರಾಗ ಅರ್ಧ ಸೆಕೆಂಡ್ ಹೋಗ್ತದ. ಆ ಅರ್ಧ ಸೆಕೆಂಡಿನಾಗ ಗೋಲ್‌ಕೀಪರ್ ಬಂದಬಿಡ್ತಿದ್ಲು. ನೀವು ನೋಡಿದ್ದು ಒಂದು ಗೋಲ್. ಹೋದವು ಎಷ್ಟು ಅಂತ ನಂಗೊಬ್ಬಕಿಗೇ ಗೊತ್ತದ." ಗಾಡಿ ಹತ್ತಿ ಕೂತು, "ಗಾಡಿ ಹೊಡೀರಿ ಮಾಣಿಕಪ್ಪೋರೆ. ಫೋನ್ ಬರೋ ಟೈಮ್ ಆತು" ಎಂದಳು.

ಮಾಮಾ ಎನ್ನಲಿಲ್ಲ.

ಔರಾದಿನ ಸೈಕಲ್ ಅಂಗಡಿಯಲ್ಲಿ ಅವಳು ನನ್ನನ್ನೇ ಮುಂದೆ ನಿಲ್ಲಿಸಿದಳು. ಅಂಬಿಕಾ ಮತ್ತು ಅವರಪ್ಪನ ಎದುರು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಅವರಪ್ಪ ಗ್ರೀಸ್ ಹತ್ತಿದ ಕೈಯನ್ನು ಒರೆಸಿಕೊಳ್ಳುತ್ತಲೇ ಇದ್ದರು. ಪೋರ್ಚುಗಲ್ಲಿನವರ ಫೋನು ಬಂತು. ಅವರು ಅದನ್ನು ನನ್ನ ಕಡೆಗೇ ಚಾಚಿದರು. "ನೀವೇ ಮಾತಾಡ್ರಿ, ಇಂಥಾದ್ರಾಗ ನೀವು ಹುಷಾರ್ ಅದೀರಿ" ಎಂದರು — ಅಷ್ಟೆಲ್ಲ ಕೇಳಿದ ಮೇಲೂ. ಒಂದು ಗಳಿಗೆ, ನಾಚಿಕೆಯಿಂದಲೇ ಬರೆಯುತ್ತೇನೆ, ಕೈ ತುರಿಸಿತು. ಪಗಾರ ಸ್ವಲ್ಪ ಏರಿಸಬಹುದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ನಾನು ಮುಟ್ಟಲಿಲ್ಲ. ಫೋನು ಅಂಬಿಕಾಳ ಕೈಗೆ ಹೋಯಿತು. ಅವಳು ರೂತಳ ಮುಖ ನೋಡಿದಳು, ರೂತ್ ತಲೆಯಾಡಿಸಿದಳು. "ಎಸ್" ಎಂದಳು ಅಂಬಿಕಾ. ಮತ್ತೆ ಅವರಿಗೆ ಕೇಳಿಸಲಿಲ್ಲವೇನೋ ಎಂದು ಜೋರಾಗಿ ಇನ್ನೊಮ್ಮೆ ಎಂದಳು. ಪಕ್ಕದ ಅಂಗಡಿಯವರೆಲ್ಲ ಓಡಿ ಬಂದರು, ಯಾರೋ ಪೇಡೆ ತಂದರು, ಅವರಪ್ಪ ಸುಮ್ಮನೆ ಸೈಕಲ್ಲಿನ ಗಂಟೆ ಬಾರಿಸುತ್ತ ನಿಂತರು. ಆ ಗದ್ದಲದಲ್ಲಿ ನನ್ನ ಎದೆಯೂ ಕುಣಿಯಿತು, ಸುಳ್ಳು ಹೇಳುವುದಿಲ್ಲ.

ವಾಪಸ್ ಹೊರಡುವಾಗ ಗಾಡಿಯ ಬಾಗಿಲು ತೆರೆದೆ. "ಬಸ್ ಅದರಿ, ಹೋಗ್ತೇನಿ" ಎಂದು ರೂತ್ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದೆ ಹೋದೆ. ಅವಳು ತಿರುಗಲಿಲ್ಲ. ಅವಳು ಬೆಲೆ ಏರಿಸಲು ಎದ್ದು ಹೋದವಳಲ್ಲ.

ಈ ಬರಹ ಅಚ್ಚಾಗುವ ಮೊದಲು ಹಿರಿಯರು ಆ ಶಾಲನ್ನು ತಿರುಗಿ ತೆಗೆದುಕೊಳ್ಳಲಿ. ಅವಳು ಮೈಕಿನಲ್ಲಿ ಹೇಳಿದ ಕಥೆಯ ಜಾಗದಲ್ಲಿ ಇದನ್ನು ಹಾಕಲಿ, ನನ್ನ ಹೆಸರಿನ ಸಮೇತ.

ನಿನ್ನೆ ಸಂಜೆ ಕಾಂಪೌಂಡಿನ ಗೋಡೆಯ ಹೊರಗೆ ಗಾಡಿ ನಿಲ್ಲಿಸಿ ನೋಡಿದೆ. ರೂತ್ ಹುಡುಗಿಯರ ಜೊತೆ ಆಡುತ್ತಿದ್ದಳು. ಅಂಬಿಕಾ ಕೊಟ್ಟ ಪಾಸು ಅವಳ ಬಲಗಾಲಿಗೆ ಬಂತು. ರೂಢಿಯಂತೆ ಎಡಕ್ಕೆ ಎಳೆಯಲು ಮೈ ಬಾಗಿತು — ಬಾಗಿದ್ದು ಅಲ್ಲೇ ನಿಂತಿತು — ಬಲಗಾಲಿನಿಂದಲೇ ಹೊಡೆದಳು. ಗೋಲ್‌ಕೀಪರ್ ಹುಡುಗಿಗೆ ಕೈ ಎತ್ತಲೂ ಸಮಯ ಸಿಗಲಿಲ್ಲ.

ನಾನು ಗೋಡೆಯ ಈಚೆಗೇ ಇದ್ದೆ. ಅವಳು ಕರೆಯುವವರೆಗೆ ಒಳಗೆ ಹೋಗುವುದಿಲ್ಲ.