ಎಲೆಯಡಿಕೆಯ ಜೊತೆಗಿದ್ದದ್ದು

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ಲೇತ್ ಮುಂದೆ ನಿಂತಿದ್ದೇನೆ. ಇಂಜಿನಿಯರಿಂಗ್ ಓದಿದವರೂ ನನ್ನನ್ನು ಒಂದು ಮಾತು ಕೇಳಿಯೇ ಕೆಲಸ ಶುರು ಮಾಡುತ್ತಾರೆ. ಅಂಥವನ ಮಗಳ ಬಗ್ಗೆ ಟೀಚರ್, “ಇವಳಿಗೆ ಗಮನ ಒಂದು ಕಡೆ ನಿಲ್ಲಲ್ಲ, ಡಾಕ್ಟರಿಗೆ ತೋರಿಸಿ” ಎಂದಾಗ ನನಗೇ ಬೈದಂತಾಯಿತು. ಟೀಚರ್ ಹೇಳಿದ್ದು ಸುಳ್ಳಂತೂ ಅಲ್ಲ. ಮೂರನೇ ಕ್ಲಾಸಿನ ಹುಡುಗಿ, ಊಟಕ್ಕೆ ಕೂತರೆ ಮೊದಲ ತುತ್ತು ತಟ್ಟೆಯ ಮುಂದೆ, ಎರಡನೆಯದು ಬಾಗಿಲಲ್ಲಿ, ಮೂರನೆಯದಕ್ಕೆ ಬೀದಿಯೆಲ್ಲ ಹುಡುಕಬೇಕು.

ಹೆಂಡತಿ ಆಗ ಎರಡನೆಯದಕ್ಕೆ ಮೂರು ತಿಂಗಳ ಬಸುರಿ. ಮೂವರೂ ಹೋದೆವು. ಡಾಕ್ಟರಮ್ಮ ನೂರೆಂಟು ಪ್ರಶ್ನೆ ಕೇಳಿದರು.

“ಈ ಮಗು ಹೊಟ್ಟೇಲಿದ್ದಾಗ ತಾಯಿ ಕುಡಿಯೋದು, ತಂಬಾಕು, ಏನಾದ್ರೂ ಇತ್ತಾ?”

“ಛೆ ಛೆ, ಮೇಡಂ! ನಮ್ದು ಮರ್ಯಾದಸ್ಥರ ಮನೆ. ನಮ್ಮ ಹೆಂಗಸ್ರು ಅಂಥದ್ದೆಲ್ಲ ಮುಟ್ಟಲ್ಲ,” ಎಂದು ಎದೆಯುಬ್ಬಿಸಿದೆ.

ಡಾಕ್ಟರಮ್ಮ ನನ್ನ ಹೆಂಡತಿಯ ಉಬ್ಬಿದ ಎಡಗೆನ್ನೆ ನೋಡಿದರು. “ಬಾಯಲ್ಲೇನಮ್ಮ?”

“ಎಲೆ ಅಡಿಕೆ, ಮೇಡಂ.”

“ಜೊತೆಗೆ?”

“ಸುಣ್ಣ... ಒಂಚೂರು ಕಡ್ಡಿಪುಡಿ.”

“ಕಡ್ಡಿಪುಡಿ ಅಂದ್ರೆ ಹೊಗೆಸೊಪ್ಪಿನ ಕಡ್ಡಿ ತಾನೆ? ಅದು ತಂಬಾಕಲ್ವಾ?”

ದೇವರಾಣೆಗೂ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಬೀಡಿ ಸೇದಿದರೆ ಕೆಟ್ಟ ಚಟ. ಕಡ್ಡಿಪುಡಿ ಎಲೆಯಡಿಕೆಯ ತಟ್ಟೆಯಲ್ಲಿ ಕೂರುವ ಮನೆಯ ವಸ್ತು, ನಮ್ಮ ಲೆಕ್ಕ ಹಾಗೆ. ಮೊದಲ ಬಸಿರಿನಲ್ಲಿ ಇವಳು ವಾಂತಿ ಮಾಡಿಕೊಳ್ಳುತ್ತಿದ್ದಾಗ, “ಒಂದು ಚಿಟಿಕೆ ಆಕ್ಕೊ, ವಾಕರಿಕೆ ನಿಲ್ತದೆ” ಎಂದು ಕೊಟ್ಟಿದ್ದು ನನ್ನ ಅಮ್ಮ. ಸಂಜೆ ಮಲ್ಲಿಗೆ ಹೂವಿನ ಜೊತೆ ಕಡ್ಡಿಪುಡಿ ಪೊಟ್ಟಣವನ್ನೂ ತಂದು, ಅದರಲ್ಲೇ ನಾನೂ ಒಂದು ಚಿಟಿಕೆ ಹಾಕಿಕೊಂಡು, ಇಂಥ ಗಂಡ ಯಾರಿಗುಂಟು ಎಂದು ಬೀಗುತ್ತಿದ್ದವನು ನಾನು.

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ತಾಯಿ ಅಗಿದ ತಂಬಾಕಿನ ನಿಕೋಟಿನ್ ರಕ್ತದಲ್ಲಿ ಸೇರಿ ಮಗುವಿಗೂ ಹೋಗುತ್ತದಂತೆ. ಮಿದುಳಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಿವೆ. ಮನಸ್ಸನ್ನು ಒಂದು ಕೆಲಸದಲ್ಲಿ ಹಿಡಿದಿಡಲು ನೆರವಾಗುವ ಡೋಪಮೀನ್ ಅದರಲ್ಲೊಂದು. ಮಿದುಳು ಬೆಳೆಯುವ ಹೊತ್ತಿನಲ್ಲೇ ನಿಕೋಟಿನ್ ಹೊಕ್ಕರೆ ಆ ಏರ್ಪಾಡು ಹದ ತಪ್ಪಬಹುದು.

“ಆದ್ರೆ ನಿಮ್ಮ ಮಗಳಿಗೆ ಅದ್ರಿಂದ್ಲೇ ಹೀಗಾಯ್ತು ಅಂತ ಹೇಳಕ್ಕಾಗಲ್ಲ. ವಂಶದಲ್ಲೂ ಬರತ್ತೆ. ನೀವು ಸ್ಕೂಲಲ್ಲಿ ಹೇಗಿದ್ರಿ?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, “ಕಿಟಕಿ ಹಾರಿ ಓಡ್ತಿದ್ರಂತೆ, ಮೇಡಂ. ಅತ್ತೆನೇ ಹೇಳ್ತಾರೆ,” ಎಂದಳು. ಅಷ್ಟು ಹೊತ್ತು ಮೇಜಿನ ಕೆಳಗಿದ್ದ ಮಗಳು ಎದ್ದು ಬಂದು ಗಮನವಿಟ್ಟು ಕೇಳಿದಳು.

ಮಗಳಿಗೆ ಪಾಠವನ್ನು ಚಿಕ್ಕಚಿಕ್ಕ ತುಂಡು ಮಾಡಿ ಕೊಡಿ, ನಡುವೆ ಓಡಾಡಲು ಬಿಡಿ ಎಂದರು. ಹೊಟ್ಟೆಯಲ್ಲಿರುವ ಮಗುವಿಗಾಗಿ ಕಡ್ಡಿಪುಡಿ ಇವತ್ತೇ ನಿಲ್ಲಬೇಕು ಎಂದರು.

ಬಸ್ಸಿನಲ್ಲಿ ಇವಳು ಹೇಳಿದಳು: “ರೀ, ನಾನು ಬಿಡ್ತೀನಿ. ನೀವೂ ಬಿಡ್ಬೇಕು. ನಿಮ್ಮ ಜೇಬಲ್ಲಿ ಪೊಟ್ಟಣ ಇದ್ರೆ ನನ್ನ ಕೈ ಸುಮ್ನಿರಲ್ಲ.”

“ದಿನವಿಡೀ ಮಿಷನ್ ಮುಂದೆ ನಿಲ್ಲೋನು ಕಣೇ ನಾನು! ಅದಿಲ್ದೆ ಹೇಗಾಗತ್ತೆ?”

“ಬಸುರಿ ನಾನು ಬಿಡ್ಬೋದು, ಗಂಡಸು ನಿಮ್ಗಾಗಲ್ವಾ?”

ಪೊಟ್ಟಣ ಅವಳ ಕೈಗೆ ಕೊಟ್ಟೆ.

ಮನೆಯಲ್ಲಿ ಅಮ್ಮ ರೇಗಿದಳು. “ನಾನು ಆಕ್ಕೊಂಡೇ ಐದು ಮಕ್ಳ ಎತ್ತಿಲ್ವಾ? ಯಾರ್ಗೇನಾಗದೆ?” ಹೆಂಡತಿ ನನ್ನ ಕಡೆ ಬೆರಳು ತೋರಿಸಿದಳು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ಮೂರನೇ ದಿನ ಲೇತ್ ಮೇಲೆ ಶಾಫ್ಟ್ ಒಂದನ್ನು ಅಳತೆಗಿಂತ ಜಾಸ್ತಿ ಹೆರೆದು ಹಾಳು ಮಾಡಿದೆ. ತಲೆ ಸಿಡಿಯುತ್ತಿತ್ತು. ಬೀದಿ ಕೊನೆಯ ಬೀಡಾ ಅಂಗಡಿಯ ಮುಂದೆ ನಿಂತೇಬಿಟ್ಟೆ. ಅಲ್ಲಿಂದ ಹೇಗೋ ಕಾಲು ಕಿತ್ತು ಮನೆಗೆ ಬಂದು, ಪೀಸ್ ಕೆಡಿಸಿದ್ದನ್ನು ತಲೆ ತಗ್ಗಿಸಿ ಹೇಳಿದೆ. ಇವಳು ಲವಂಗ ಕಚ್ಚಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಒಲೆಯ ಹತ್ತಿರ ಕೂತಿದ್ದಳು.

“ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೀನಿ. ಮಾತಾಡ್ದೆ ತಿನ್ನಿ.”

ತಿಂದೆ. ಎರಡನೇ ಸಲ ಬಡಿಸಿಕೊಂಡೂ ತಿಂದೆ.