ಬಲಕ್ಕೆ ಬಿದ್ದ ಹೂ

ಅಂದು ಹೂ ಬಲಕ್ಕೇ ಬಿದ್ದಿತ್ತು, ಮಂಗಲಾ. ವೀರಭದ್ರ ನಿನಗೆ ಹೋಗೆಂದೇ ಅಪ್ಪಣೆ ಕೊಟ್ಟಿದ್ದ. ಬೇಡವೆಂದವನು ದೇವರಲ್ಲ — ನಾನು. ನಿನ್ನ ದೊಡ್ಡಪ್ಪ, ಆ ಗುಡಿಯ ಅರ್ಚಕ, ಸುಳ್ಳಾಡಲಾರದವನೆಂದು ಓಣಿಯೆಲ್ಲ ನಂಬಿದ ಮನುಷ್ಯ.

ಇಷ್ಟು ಬರೆದು ಎದ್ದು ಹೋಗಿದ್ದೆ. ಅಂಗಳದಲ್ಲಿ ಅಡ್ಡಾಡಿ ಬಂದೆ. ಮತ್ತೆ ಕೂತಿದ್ದೇನೆ. ಮೂರು ಹೊತ್ತು ಮಂತ್ರ ಹೇಳುವ ನಾಲಗೆಯ ಕೆಳಗೆ ಈ ಮಾತನ್ನು ಇಟ್ಟುಕೊಂಡೇ ಮುದುಕನಾದೆ. ನೀನು ಸೋಮವಾರ ಬರುತ್ತೀ. ಅದಕ್ಕೆ ಮೊದಲು ಇದು ಹೊರಗೆ ಬರಬೇಕು.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲವದು. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ನಿನ್ನ ಅಪ್ಪ — ನನ್ನ ತಮ್ಮ — ಗುಮಾಸ್ತನಾಗಿದ್ದ. ಸುಗ್ಗಿ ಮುಗಿದು ಗೋದಾಮು ಬರಿದಾದರೆ, ಸಾಲೆಯ ಡ್ರಿಲ್ ಮಾಸ್ತರ ಖಾದರ್ ಅಲ್ಲಿ ಸುಣ್ಣದಿಂದ ಬ್ಯಾಡ್ಮಿಂಟನ್ ಅಂಕಣದ ಗೆರೆ ಎಳೆಯುತ್ತಿದ್ದರು. ಗಾಳಿಗೆ ಶಟಲ್ ಹಾರಿಹೋಗದಂತೆ ಬಾಗಿಲುಗಳಿಗೆ ಗೋಣಿಚೀಲ ಕಟ್ಟುತ್ತಿದ್ದರು. ಅಲ್ಲಿ ನೀನು ಆಡಿದೆ. ತಲೆಗೂದಲಲ್ಲಿ ತೌಡಿನ ದೂಳು ತುಂಬಿಕೊಂಡು ಮನೆಗೆ ಬರುತ್ತಿದ್ದೆ. ಮಿಂದು ಬಾರದೆ ಪುರಾಣದ ಹೊತ್ತಗೆ ಮುಟ್ಟಬೇಡವೆಂದು ನಾನು ಗದರುತ್ತಿದ್ದೆ.

ಆ ಪುರಾಣವೇ — ಅಲ್ಲ, ಪುರಾಣಕ್ಕೇಕೆ ತಪ್ಪು ಹೊರಿಸಲಿ? ಪದ ಬಿಡಿಸಿ, ರಾಗ ಹಿಡಿದು ಓದಲು ನಿನಗೆ ಎಳವೆಯಲ್ಲೇ ಕಲಿಸಿದವನು ನಾನು. ನನ್ನ ಕಂಠ ಒಡೆದುಹೋದ ಮೇಲೆ ಶ್ರಾವಣದ ಪುರಾಣದಲ್ಲಿ ನೀನು ಓದುತ್ತಿದ್ದೆ, ನಾನು ಅರ್ಥ ಹೇಳುತ್ತಿದ್ದೆ. ಗಂಗಾವತಿಯಿಂದ, ಹುಲಿಹೈದರದಿಂದ ಬಂದು ಕೇಳುವವರಿದ್ದರು. ಅವರೆಲ್ಲ ನನ್ನ ಪಾಂಡಿತ್ಯಕ್ಕಾಗಿ ಬರುತ್ತಾರೆಂದು ತಿಳಿದಿದ್ದೆ. ಇಲ್ಲ — ಹಾಗೆ ತಿಳಿಯಲು ಬಯಸಿದ್ದೆ.

ಹೊಸ ಜಿಲ್ಲೆಯ ಹೆಸರಿನಲ್ಲಿ ಆಡಲು ಹೋದ ನೀನು ನಿನಗಿಂತ ದೊಡ್ಡ ಹುಡುಗಿಯರನ್ನು ಸೋಲಿಸಿ ಬಂದೆ. ಬೆಂಗಳೂರಿನಲ್ಲಿ ಇದ್ದು ತರಬೇತಿ ಪಡೆಯಲು ಕರೆ ಬಂತು. ಖಾದರ್ ಮಾಸ್ತರ ನಮ್ಮ ಕಟ್ಟೆಯ ಮೇಲೆ ಕೂತು, ನಿನ್ನ ಕೈಯನ್ನೇ ತೋರಿಸಿ ಅಂದಿದ್ದರು: “ಅಯ್ಯನೋರ, ಈಕಿ ಮಣಿಕಟ್ಟು ನೋಡ್ರಿ ಒಮ್ಮೆ. ಶಟಲ್ ಎಲ್ಲಿ ಬೀಳ್ತೈತಿ ಅಂತ ಎದುರು ನಿಂತಾಕಿಗಷ್ಟ ಅಲ್ಲ, ಕಲಿಸಿದ ನನಗೂ ಗೊತ್ತಾಗೂದಿಲ್ಲ!”

ನಿನ್ನ ಅಪ್ಪ ನನ್ನ ಮುಖ ನೋಡಿದ. “ಅಣ್ಣಾ, ನನಗೇನ್ ತಿಳೀತೈತಿ? ವೀರಭದ್ರ ಹೂ ಕೊಟ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ.”

ನಮ್ಮ ಮನೆತನದಲ್ಲಿ ಮದುವೆಯಿಂದ ಬಾವಿ ತೋಡುವವರೆಗೆ ಎಲ್ಲಕ್ಕೂ ಅದೇ ರೀತಿ. ದೇವರ ಎರಡೂ ಭುಜಗಳ ಮೇಲೆ ನೀರಿನಲ್ಲಿ ಅದ್ದಿದ ಕಣಗಿಲೆ ಹೂ ಏರಿಸಿ ಕಾಯಬೇಕು. ಬಲಭುಜದ್ದು ಮೊದಲು ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ ಬೇಡವೆಂದು.

ಮರುದಿನ ಮುಂಜಾನೆ ನೀನೂ ನಿನ್ನ ಅಪ್ಪನೂ ಗರ್ಭಗುಡಿಯ ಹೊಸ್ತಿಲಾಚೆ ಕಣ್ಣು ಮುಚ್ಚಿ ಕೈಮುಗಿದು ನಿಂತಿರಿ. ನಿಮಗೂ ದೇವರಿಗೂ ನಡುವೆ ನನ್ನ ಬೆನ್ನಿತ್ತು. ನಾನು ಸಂಕಲ್ಪ ಹೇಳಿ ಮುಗಿಸುವ ಮೊದಲೇ ಬಲಭುಜದ ಹೂ ಜಾರಿತು — ಕೇಳುವುದೇ ತಡ, ಕೊಡಲು ಕಾದಿದ್ದವನಂತೆ. ಅದನ್ನು ಎಡಗೈಯ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ತಟ್ಟೆಯಿಂದ ಬೇರೊಂದು ಹೂ ತೆಗೆದು ಆ ಭುಜದ ಮೇಲಿಟ್ಟೆ. ಆಮೇಲೆ ಎಡಭುಜದ ಹೂವನ್ನು ಬೆರಳಿನಿಂದ ತಳ್ಳಿದೆ. ತಿಳಿದು ಮಾಡಿದೆನೆ? ತಿಳಿಯದೆ ಇಷ್ಟೆಲ್ಲ ಮಾಡಲು ಬರುತ್ತದೆಯೆ? ಬೆರಳು ನಡುಗಲಿಲ್ಲ. ಅದೊಂದು ನೆನಪಿದೆ. ಗಂಟೆ ಬಾರಿಸಿ, ಪಕ್ಕಕ್ಕೆ ಸರಿದು, ಅಂದೆ:

“ಎಡಾ ಕೊಟ್ಟಾನವಾ. ಅಪ್ಪಣಿ ಇಲ್ಲ.”

ನೀನು ಅಳುತ್ತೀಯೆಂದು ಕಾದೆ. ಅಳಲಿಲ್ಲ. ಮುಗಿದ ಕೈಗಳನ್ನು ಕಣ್ಣಿಗೊತ್ತಿಕೊಂಡು, “ಆತ್ರಿ ದೊಡ್ಡಪ್ಪಾ” ಅಂದೆ. ಮೆಟ್ಟಿಲಿಳಿಯುವಾಗ ತಿರುಗಿ ಕೇಳಿದೆ: “ಶ್ರಾವಣಕ್ಕ ಈ ಸಲ ಯಾವ ಸಂಧಿಯಿಂದ ಓದೂದ್ರಿ?”

ಮುಷ್ಟಿಯೊಳಗೆ ಹೂ ಆಗಲೇ ಹಿಸುಕಿಹೋಗಿತ್ತು.

ಹೆಣ್ಣುಮಗಳು, ದೂರದ ಊರು, ತುಂಡು ಉಡುಪು — ಇವೆಲ್ಲ ಆಮೇಲೆ ಒಂದೊಂದಾಗಿ ನಾನು ಪೋಣಿಸಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ನನ್ನೊಳಗೆ ಇದ್ದದ್ದು ಒಂದೇ: ಶ್ರಾವಣ ಹತ್ತಿರ ಬಂತು, ಇವಳು ಹೋದರೆ ನನ್ನ ಪಕ್ಕದಲ್ಲಿ ಕೂತು ಓದುವವರಾರು?

ಖಾದರ್ ಮಾಸ್ತರ ಸುದ್ದಿ ಕೇಳಿ ಬಂದರು. ಜಗಳವಾಡಲಿಲ್ಲ. “ನಿಮ್ಮ ದೇವ್ರು ಆಕಿ ಆಟ ನೋಡಿಲ್ಲ ಕಾಣ್ತೈತ್ರಿ, ಅಯ್ಯನೋರ. ಒಮ್ಮೆ ಗೋದಾಮಿಗೆ ಕರ್ಕೊಂಡ ಬರ್ರಿ, ಅಲ್ಲೇ ಹೂ ಕೇಳೂಣು” ಅಂದರು. ನಾನು ಅದನ್ನು ದೈವನಿಂದೆ ಎಂದು ಗದರಿ ಕಳಿಸಿದೆ. ದೈವನಿಂದೆ — ಯಾವ ಬಾಯಿಂದ ಅಂದೆ ಆ ಮಾತನ್ನು!

ನಿನ್ನ ಬದಲು ಕುಷ್ಟಗಿಯ ಹುಡುಗಿ ಹೋದಳು. ಕೆಲ ವರ್ಷಗಳ ಮೇಲೆ ಅವಳ ಚಿತ್ರ ಪತ್ರಿಕೆಯಲ್ಲಿ ಬಂದಾಗ ನೀನು ಅದನ್ನು ನಮ್ಮ ಪಡಸಾಲೆಯಲ್ಲಿ ಹಿಡಿದು ನಕ್ಕೆ. “ನೋಡ್ರಿ ದೊಡ್ಡಪ್ಪಾ, ನನ್ನ ಕೈಯಾಗ ಸೋತಾಕಿ! ಈಗ ದೇಶದ ಅಂಗಿ ಹಾಕ್ಯಾಳ.” ಅಷ್ಟರಲ್ಲಿ ನೀನು ಜಿಲ್ಲೆಯ ಪಂದ್ಯಗಳಿಗೆ ಹೋಗುವುದನ್ನೂ ಬಿಟ್ಟಿದ್ದೆ. ತಳಕಲ್ ಊರಿನ ಮನೆಯೊಂದರ ಸೊಸೆಯಾಗುವವಳಿದ್ದೆ.

ನಿನ್ನ ಆಟ ಕಸಿದೆನೆಂಬುದೇ ನನ್ನ ಪಾಪವೆಂದು ಬಹುಕಾಲ ತಿಳಿದಿದ್ದೆ. ನಿನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅದಕ್ಕೂ ದೊಡ್ಡದು ತಿಳಿಯಿತು. ಯಾರೋ ಹೆಂಗಸು ಹಳೆಯ ಆಟದ ಮಾತು ತೆಗೆದಾಗ ನೀನು, “ನಾ ಆಡೂದು ದೇವರಿಗೇ ಬ್ಯಾಡಾಗಿತ್ತು ಬಿಡ್ರೆವ್ವಾ. ನಾ ಏನ್ ತಪ್ಪು ಮಾಡಿದ್ದೆನೋ” ಎಂದು ಹಗುರಾಗಿ ಅಂದೆ. ಸೆರಗಿನಿಂದ ಕೂಸಿನ ಬಾಯಿ ಒರೆಸುತ್ತ ಅಂದೆ. ನಿನ್ನನ್ನು ಬೇಡವೆಂದ ದೇವರ ಮುಂದೆ ದಿನವೂ ದೀಪ ಹಚ್ಚುತ್ತ ಬದುಕಿದೆಯಲ್ಲ, ಮಂಗಲಾ — ಅಂಥ ದೇವರು ಇರಲೇ ಇಲ್ಲ. ಅವನನ್ನು ಮಾಡಿಕೊಟ್ಟವನು ನಾನು.

ಅಂದಿನಿಂದ ಯಾರು ಹೂ ಕೇಳಲು ಬಂದರೂ ಬಾಗಿಲು ಬಿಟ್ಟು ಗೋಡೆಗೆ ಸರಿದು ನಿಲ್ಲುತ್ತೇನೆ. “ಕಣ್ಣು ಮುಚ್ಚಬ್ಯಾಡ್ರಿ, ನೀವ ನೋಡ್ರಿ” ಎನ್ನುತ್ತೇನೆ. ಜನ ಅದನ್ನು ನನ್ನ ನಿಷ್ಠೆಯೆಂದು ಹೊಗಳುತ್ತಾರೆ. ನಾನು ಹೊಗಳಿಸಿಕೊಳ್ಳುತ್ತೇನೆ.

ಮೊನ್ನೆ ನೀನು ಫೋನಿನಲ್ಲಿ ಅಂದೆ: “ದೊಡ್ಡಪ್ಪಾ, ಕೂಸಿಗೂ ಆಟಕ್ಕ ಬೆಂಗಳೂರಿಂದ ಕರೆ ಬಂದೈತ್ರಿ. ಸೋಮವಾರ ಕರ್ಕೊಂಡ ಬರ್ತೀನಿ, ನೀವ ಹೂ ಕೇಳ್ರಿ. ಎಡಾ ಕೊಟ್ರ ಆಕಿಗೂ ಬ್ಯಾಡಂತೀನಿ — ನಮ್ಮ ಮನಿಗಿ ಇದು ಆಗಿ ಬರೂದಿಲ್ಲ ಅಂತ ತಿಳ್ಕೊತೀನಿ.” ನಾನು “ಬರ್ರಿ” ಎಂದಷ್ಟೇ ಅಂದೆ. ಅಷ್ಟು ಹೊತ್ತೂ ಎಡಗೈ ಮುಷ್ಟಿ ಕಟ್ಟಿತ್ತು. ಫೋನು ಇಟ್ಟ ಮೇಲೆ ಕಂಡುಕೊಂಡೆ.

ಸೋಮವಾರ ನಾನು ಗರ್ಭಗುಡಿಯ ಒಳಗೆ ಹೋಗುವುದಿಲ್ಲ. ಹೊಸ್ತಿಲಾಚೆ, ಅಂದು ನೀನು ನಿಂತಿದ್ದ ಕಲ್ಲಿನ ಮೇಲೆ ನಿಂತು, ನಿನ್ನ ಮಗಳು ಕೇಳುವಂತೆ ಇದೆಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನೀನು ಕ್ಷಮಿಸಬೇಕಾಗಿಲ್ಲ, ಕ್ಷಮಿಸೆಂದು ನಾನು ಕೇಳುವುದೂ ಇಲ್ಲ. ಆಮೇಲೆ ಹೂ ಏರಿಸಬೇಕೋ ಬೇಡವೋ, ಏರಿಸಿದರೆ ಯಾರ ಕೈಯಿಂದ — ಅದು ನಿನಗೆ ಬಿಟ್ಟದ್ದು. ನನ್ನ ಕೈ ಮಾತ್ರ ಅಲ್ಲಿರುವುದಿಲ್ಲ.